ವೀಡಿಯೊ ಆಟ ಮತ್ತು ಅಪಸ್ಮಾರ: ಒಂದು ಐತಿಹಾಸಿಕ ವಿವೇಚನೆ

ವೀಡಿಯೊ ಆಟವೇ ಅಪಸ್ಮಾರದ ಒಂದು ಹೊಸ ಬಗೆಯನ್ನು ಹುಟ್ಟಿಸಿತೆಂಬ ಅಭಿಪ್ರಾಯವು ಇತಿಹಾಸದ ಪರೀಕ್ಷೆಯಲ್ಲಿ ನಿಲ್ಲಲಾರದು. ತಿರುಗುವ ಕುಂಬಾರನ ಚಕ್ರವನ್ನು ನೋಡಿದ ಅಪಸ್ಮಾರಿಗೆ ಮೂರ್ಛೆ ಬರುವುದುಂಟೆಂದು ಕ್ರಿ. ಶ. 2ನೆಯ ಶತಮಾನದಲ್ಲಿಯೇ ರೋಮನ್ ಲೇಖಕ ಅಪುಲೇಯಸನು ನ್ಯಾಯಾಲಯದಲ್ಲಿ ನುಡಿದಿದ್ದನು. 1946ರಲ್ಲಿ ಇಂಗ್ಲೆಂಡಿನ ಗ್ರೇ ವಾಲ್ಟರ್ ಮತ್ತು ಅವರ ಸಹೋದ್ಯೋಗಿಗಳು, ಮಿನುಗುವ ಬೆಳಕಿಗೆ ಮಿದುಳಿನಲ್ಲಿ ಏಳುವ ವಿದ್ಯುತ್ ಸ್ಪಂದನಗಳನ್ನು ಉಪಕರಣಗಳಿಂದ ಗುರುತಿಸಿದರು. 1981ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ಒಂದು ಬರಹವು ಇಂತಹ ಮೂರ್ಛೆಗೆ ‘ಸ್ಪೇಸ್ ಇನ್ವೇಡರ್’ ಆಟದ ಹೆಸರನ್ನೇ ಕೊಟ್ಟಿತು. ಹೆಸರು ಹೊಸದು, ವ್ಯಾಧಿ ಹಳೆಯದು.

ಇದಕ್ಕೆ ಪ್ರಬಲವಾದ ಸಾಕ್ಷ್ಯವು ಜಪಾನಿನಲ್ಲಿ ದೊರೆಯುತ್ತದೆ. 1997ರ ಡಿಸೆಂಬರ್ 16ರಂದು ಅಲ್ಲಿನ ಟೆಲಿವಿಷನ್ನಿನಲ್ಲಿ ‘ಪೋಕೆಮಾನ್’ ಚಿತ್ರಮಾಲೆಯ ಒಂದು ದೃಶ್ಯದಲ್ಲಿ ಕೆಂಪು-ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಬಾರಿ ಮಿನುಗಿತು. ಸುಮಾರು 685 ಮಂದಿಯನ್ನು ಆಸ್ಪತ್ರೆಗಳಿಗೆ ಒಯ್ಯಲಾಯಿತು. ಕೆಲವರಿಗೆ ಸೆಳವು ಬಂದಿತ್ತು. ಇನ್ನು ಕೆಲವರಿಗೆ ತಲೆಸುತ್ತು, ತಲೆನೋವು, ವಾಕರಿಕೆ. ಅವರ ಮುಂದಿದ್ದುದು ಆಟವಲ್ಲ, ನೋಟ ಮಾತ್ರ.

ಆದುದರಿಂದ ಇಂತಹ ಮೂರ್ಛೆಗಳಿಗೆ ಮುಖ್ಯ ಪ್ರಚೋದಕವು ಬೆಳಕಿನ ಮಿನುಗೇ ಹೊರತು ಆಟವಲ್ಲವೆಂದು ನಾವು ಭಾವಿಸುತ್ತೇವೆ. ಹಾಗೆಂದು ಆಟವನ್ನು ರಚಿಸುವವರ ಹೊಣೆ ಕಡಮೆಯಾಗದು, ಹೆಚ್ಚುತ್ತದೆ. ಮಿನುಗು ಸೆಕೆಂಡಿಗೆ 3 ಬಾರಿಯನ್ನು ಮೀರಬಾರದೆಂಬ ಪ್ರಸಾರ ನಿಯಮಗಳು ಬಂದುದು ಈ ಅರಿವಿನಿಂದಲೇ. ಕಾರಣವನ್ನು ಸರಿಯಾಗಿ ಗುರುತಿಸಿದಲ್ಲಿ ಮಗುವಿನಿಂದ ಆಟವನ್ನು ಕಸಿಯದೆಯೇ ಅಪಾಯವನ್ನು ಬಹುಮಟ್ಟಿಗೆ ತಗ್ಗಿಸಬಹುದು.