ಸುತ್ತ ಸರೋವರ, ನಲ್ಲಿಯಲ್ಲಿ ಗಡಸು ನೀರು: ಮ್ಯಾಡಿಸನ್‌ನಲ್ಲಿ ಕಿಟಕಿ ಗಾಜು ತೊಳೆಯುವುದು ಹೇಗೆ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್ ಸರೋವರಗಳ ನಗರ. ಮೆಂಡೋಟಾ ಮತ್ತು ಮೊನೋನಾ ಎಂಬ ಎರಡು ದೊಡ್ಡ ಸರೋವರಗಳ ನಡುವಿನ ಕಿರಿದಾದ ನೆಲಪಟ್ಟಿಯ ಮೇಲೆ ಊರಿನ ಹಳೆಯ ಭಾಗ ನಿಂತಿದೆ. ಚಳಿಗಾಲದಲ್ಲಿ ಸರೋವರಗಳು ಹೆಪ್ಪುಗಟ್ಟುತ್ತವೆ. ಜನ ಮಂಜುಗಡ್ಡೆಯ ಮೇಲೆ ನಡೆದಾಡುತ್ತಾರೆ, ಅದರಲ್ಲಿ ರಂಧ್ರ ಕೊರೆದು ಮೀನು ಹಿಡಿಯುತ್ತಾರೆ. ಇಂಥ ಊರಿನಲ್ಲಿ ಕಿಟಕಿ ತೊಳೆಯಲು ನೀರಿಗೆ ಬರವಿಲ್ಲ. ಆದರೆ ಆ ನೀರು ಗಾಜಿನ ಮೇಲೆ ಒಣಗಿತೆಂದರೆ ತೊಳೆದದ್ದೆಲ್ಲ ವ್ಯರ್ಥ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಗಾಜೇ ಕೆಡುತ್ತದೆ. ಕಾರಣ ನೀರಿನ ಗಡಸುತನ.

ಸರೋವರದ ಊರಿಗೆ ಕೊಳವೆಬಾವಿ ನೀರು

ಸುತ್ತಲೂ ಸರೋವರಗಳಿದ್ದರೂ ಮ್ಯಾಡಿಸನ್ ಕುಡಿಯುವುದು ಸರೋವರದ ನೀರನ್ನಲ್ಲ. ನಗರದ ಜಲಮಂಡಳಿ 20ಕ್ಕೂ ಹೆಚ್ಚು ಆಳವಾದ ಬಾವಿಗಳಿಂದ ಅಂತರ್ಜಲವನ್ನು ಎತ್ತಿ ಮನೆಗಳಿಗೆ ಕೊಡುತ್ತದೆ. ಈ ನೀರು ಮರಳುಗಲ್ಲು ಮತ್ತು ಡಾಲೊಮೈಟ್ ಶಿಲೆಗಳ ನಡುವೆ ಬಹಳ ಕಾಲ ಇಳಿದು, ನಿಂತು ಬಂದದ್ದು. ಡಾಲೊಮೈಟ್ ಎಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಾರ್ಬೊನೇಟ್. ಕಲ್ಲಿನಿಂದ ಕರಗಿದ ಈ ಖನಿಜಗಳೇ ನೀರನ್ನು ಗಡಸಾಗಿಸುತ್ತವೆ.

ಅಮೆರಿಕದಲ್ಲಿ ಗಡಸುತನವನ್ನು 'ಗ್ರೇನ್' ಲೆಕ್ಕದಲ್ಲಿ ಹೇಳುವುದು ರೂಢಿ. ಒಂದು ಗ್ಯಾಲನ್ ನೀರಿನಲ್ಲಿ ಒಂದು ಗ್ರೇನ್ ಎಂದರೆ ಲೀಟರಿಗೆ 17.1 ಮಿಲಿಗ್ರಾಂ. ಮ್ಯಾಡಿಸನ್ ನೀರಿನ ಗಡಸುತನ ಸುಮಾರು 20 ಗ್ರೇನ್, ಅಂದರೆ ಲೀಟರಿಗೆ 340 ಮಿಲಿಗ್ರಾಂ ಆಸುಪಾಸು. ಬಾವಿಯಿಂದ ಬಾವಿಗೆ ಇದು ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ವರ್ಗೀಕರಣದಲ್ಲಿ 180 ಮಿಲಿಗ್ರಾಂ ದಾಟಿದ ನೀರು 'ಅತಿ ಗಡಸು'. ಭಾರತದ ಕುಡಿಯುವ ನೀರಿನ ಮಾನದಂಡದಲ್ಲಿ 200 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಿಗೆ ಇದೆ. ಗಡಸು ನೀರು ಕುಡಿಯಲು ಅಪಾಯಕಾರಿಯಲ್ಲ. ಅದರ ತೊಂದರೆ ಕಾಣುವುದು ಗೀಸರ್, ಕೊಳಾಯಿ ಮತ್ತು ಗಾಜಿನಲ್ಲಿ.

ಬಿಳಿ ಕಲೆ ಹೇಗೆ ಬರುತ್ತದೆ?

ಗಾಜಿನ ಮೇಲೆ ನಿಂತ ಹನಿ ಆರುವಾಗ ನೀರು ಮಾತ್ರ ಹಾರಿಹೋಗುತ್ತದೆ, ಖನಿಜ ಅಲ್ಲೇ ಉಳಿಯುತ್ತದೆ. ಹನಿಯ ಅಂಚಿನಲ್ಲಿ ದಪ್ಪ, ನಡುವೆ ತೆಳು. ಆದ್ದರಿಂದ ಕಲೆ ಉಂಗುರದಂತೆ ಕಾಣುತ್ತದೆ. ಒದ್ದೆ ಬೆರಳಿನಿಂದ ಉಜ್ಜಿದರೆ ಮಾಯವಾದಂತೆ ತೋರಿ, ಒಣಗಿದ ಕೂಡಲೇ ಮತ್ತೆ ಕಾಣಿಸಿಕೊಳ್ಳುವುದು ಈ ಕಲೆಯ ಗುರುತು.

ಈ ಕಲೆಗೆ ಎರಡು ಹಂತಗಳಿವೆ. ಮೊದಲ ಹಂತದಲ್ಲಿ ಸುಣ್ಣದ ಪದರ ಗಾಜಿನ ಮೇಲೆ ಕೂತಿರುತ್ತದೆ, ಅಷ್ಟೆ. ಹುಳಿ ದ್ರವ ತಗುಲಿದರೆ ಕರಗುತ್ತದೆ. ಎರಡನೇ ಹಂತದಲ್ಲಿ ಗಾಜೇ ಸವೆಯುತ್ತದೆ. ತೇವ ಪದೇ ಪದೇ ನಿಂತಲ್ಲಿ ಗಾಜಿನೊಳಗಿನ ಸೋಡಿಯಂ ಹೊರಬಂದು ಆ ನೀರನ್ನು ಕ್ಷಾರೀಯವಾಗಿಸುತ್ತದೆ. ಕ್ಷಾರ ಗಾಜಿನ ಮುಖ್ಯ ಅಂಶವಾದ ಸಿಲಿಕಾವನ್ನು ತಿನ್ನುತ್ತದೆ. ಆಮೇಲೆ ಎಷ್ಟು ತೊಳೆದರೂ ಗಾಜು ಮಬ್ಬಾಗಿಯೇ ಇರುತ್ತದೆ. ಸೀರಿಯಂ ಆಕ್ಸೈಡ್ ಪುಡಿಯಿಂದ ಪಾಲಿಶ್ ಮಾಡಿಸಬೇಕು, ಇಲ್ಲವೇ ಗಾಜು ಬದಲಿಸಬೇಕು. ಮೊದಲ ಹಂತದಲ್ಲೇ ಕಲೆಯನ್ನು ತೆಗೆಯಬೇಕು ಎನ್ನುವುದು ಇದಕ್ಕಾಗಿಯೇ.

ಇಂಥ ಕಲೆ ಹೆಚ್ಚಾಗಿ ಕಿಟಕಿ ತೊಳೆಯುವವರಿಂದ ಬಂದದ್ದಲ್ಲ. ಬೇಸಿಗೆಯಲ್ಲಿ ಹುಲ್ಲುಹಾಸಿಗೆ ಇಟ್ಟ ಸ್ಪ್ರಿಂಕ್ಲರ್ ದಿನವೂ ಕೆಳಮಹಡಿಯ ಗಾಜಿಗೆ ನೀರು ಎರಚುತ್ತದೆ, ಬಿಸಿಲು ಅದನ್ನು ಒಣಗಿಸುತ್ತದೆ. ಅತ್ಯಂತ ಹಟಮಾರಿ ಕಲೆಗಳು ಹುಟ್ಟುವುದು ಹೀಗೆ. ಸ್ಪ್ರಿಂಕ್ಲರ್‌ನ ಮುಖ ತಿರುಗಿಸುವುದೇ ಅಲ್ಲಿ ಮೊದಲ ಪರಿಹಾರ.

ತೊಳೆಯುವ ಕ್ರಮ

ವೃತ್ತಿಪರರ ವಿಧಾನದ ಗುಟ್ಟು ಒಂದೇ: ಗಾಜಿನ ಮೇಲೆ ನೀರು ಆರಲು ಬಿಡಬಾರದು. ಅದಕ್ಕೆ ಬೇಕಾದ ಮುಖ್ಯ ಸಾಧನ ರಬ್ಬರ್ ಪಟ್ಟಿಯ ಸ್ಕ್ವೀಜಿ. ಇಂದಿನ ಹಗುರವಾದ ಒಂಟಿ ಪಟ್ಟಿಯ ಸ್ಕ್ವೀಜಿಯನ್ನು ರೂಪಿಸಿದ್ದು ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದು ಕಿಟಕಿ ತೊಳೆಯುತ್ತಿದ್ದ ಎಟ್ಟೋರೆ ಸ್ಟೆಕೋನೆ. 1936ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಅದಕ್ಕೂ ಮುಂಚೆ ಬಳಕೆಯಲ್ಲಿದ್ದ ಉಕ್ಕಿನ ಸ್ಕ್ವೀಜಿ ಭಾರವಾಗಿತ್ತು, ರಬ್ಬರ್ ಬದಲಿಸಲು ಹಲವು ಸ್ಕ್ರೂ ಬಿಚ್ಚಬೇಕಿತ್ತು.

* ಮೊದಲು ಒಣ ಬ್ರಷ್‌ನಿಂದ ಚೌಕಟ್ಟಿನ ಧೂಳು, ಜೇಡರ ಬಲೆ ತೆಗೆಯಬೇಕು. ಸರೋವರದ ದಡದ ಮನೆಗಳಲ್ಲಿ ಸಣ್ಣ ನೊಣ ಮತ್ತು ಅವನ್ನು ಹಿಡಿಯುವ ಜೇಡ ಎರಡೂ ಹೆಚ್ಚು.
* ಬಕೆಟ್ ನೀರಿಗೆ ಪಾತ್ರೆ ತೊಳೆಯುವ ದ್ರವದ ಕೆಲವೇ ಹನಿ ಸಾಕು. ಸಾಬೂನು ಬೇಡ. ಗಡಸು ನೀರಿನಲ್ಲಿ ಸಾಬೂನು ಕ್ಯಾಲ್ಸಿಯಂ ಜತೆ ಸೇರಿ ಜಿಡ್ಡು ಜಿಡ್ಡಾದ ಕೆನೆ ಕಟ್ಟುತ್ತದೆ.
* ನೇರ ಬಿಸಿಲು ಬೀಳುವ ಗಾಜನ್ನು ಆ ಹೊತ್ತಿನಲ್ಲಿ ಮುಟ್ಟಬಾರದು. ಒಮ್ಮೆಗೆ ಒಂದೇ ಗಾಜು ಒದ್ದೆ ಮಾಡಬೇಕು.
* ಸ್ಕ್ವೀಜಿಯನ್ನು ಮೇಲಿನಿಂದ ಕೆಳಕ್ಕೆ ಎಳೆದು, ಪ್ರತಿ ಎಳೆತದ ನಂತರ ರಬ್ಬರನ್ನು ಬಟ್ಟೆಯಿಂದ ಒರೆಸಬೇಕು.
* ಅಂಚು ಮತ್ತು ಕೆಳಗಿನ ಚೌಕಟ್ಟಿನಲ್ಲಿ ಉಳಿದ ನೀರನ್ನು ಮೈಕ್ರೋಫೈಬರ್ ಬಟ್ಟೆಯಿಂದ ತೆಗೆಯಬೇಕು. ಕಲೆ ಶುರುವಾಗುವುದು ಅಲ್ಲಿಂದಲೇ.

ಈಗಾಗಲೇ ಕೂತಿರುವ ಕಲೆಗೆ ಬಿಳಿ ವಿನೆಗರ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಗಾಜಿಗೆ ಅಂಟಿಸಿ ಕೆಲವು ನಿಮಿಷ ಬಿಡಬಹುದು. ನಂತರ ಚೆನ್ನಾಗಿ ತೊಳೆದು ಸ್ಕ್ವೀಜಿ ಎಳೆಯಬೇಕು. ವಿನೆಗರ್ ಅಮೃತಶಿಲೆ ಅಥವಾ ಸುಣ್ಣಕಲ್ಲಿನ ಕಟ್ಟೆಯ ಮೇಲೆ ಬಿದ್ದರೆ ಕಲ್ಲೂ ಕರಗುತ್ತದೆ. ಬ್ಲೀಚ್ ಜತೆ ಬೆರೆತರೆ ಕ್ಲೋರಿನ್ ಎಂಬ ವಿಷಾನಿಲ ಹೊರಬರುತ್ತದೆ. ಮಾರುಕಟ್ಟೆಯ ಕೆಲವು ತೀವ್ರ ಕಲೆನಾಶಕಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ. ಅದು ಚರ್ಮದೊಳಗೆ ಇಳಿದು ಗಂಭೀರ ಗಾಯ ಮಾಡಬಲ್ಲದು, ಗಾಜನ್ನೂ ತಿನ್ನಬಲ್ಲದು. ಮನೆಯಲ್ಲಿ ಅದನ್ನು ಬಳಸದಿರುವುದೇ ಲೇಸು.

ಒರೆಸದೇ ಬಿಡುವ ನೀರು

ಎತ್ತರದ ಕಿಟಕಿಗಳಿಗೆ ಈಗ ಇನ್ನೊಂದು ವಿಧಾನ ಬಂದಿದೆ. ನೀರನ್ನು ಆರ್‌ಒ ಮತ್ತು ಅಯಾನು ತೆಗೆಯುವ ರೆಸಿನ್ ಮೂಲಕ ಹಾಯಿಸಿ, ಖನಿಜವೇ ಇಲ್ಲದಂತೆ ಮಾಡಲಾಗುತ್ತದೆ. ಅದನ್ನು ಉದ್ದನೆಯ ಕೋಲಿನ ತುದಿಯ ಬ್ರಷ್‌ಗೆ ಪೈಪಿನಲ್ಲಿ ಹರಿಸಿ, ನೆಲದ ಮೇಲೆ ನಿಂತೇ ಮೂರು ನಾಲ್ಕು ಅಂತಸ್ತು ತೊಳೆಯಬಹುದು. ಒರೆಸುವ ಅಗತ್ಯವಿಲ್ಲ, ಆರಿದರೂ ಉಳಿಯಲು ಏನೂ ಇರುವುದಿಲ್ಲ. ಕೆಲಸಕ್ಕೆ ಮುನ್ನ ಟಿಡಿಎಸ್ ಮೀಟರ್ ಹಿಡಿದು ಅಂಕಿ ಸೊನ್ನೆಯ ಹತ್ತಿರ ಇದೆಯೇ ಎಂದು ನೋಡುತ್ತಾರೆ. ಮ್ಯಾಡಿಸನ್ನಿನಂಥ ಕಡೆ ಇದರ ಖರ್ಚು ಹೆಚ್ಚು, ಏಕೆಂದರೆ ನೀರು ಗಡಸಾದಷ್ಟೂ ಫಿಲ್ಟರ್ ಮತ್ತು ರೆಸಿನ್ ಬೇಗ ಮುಗಿಯುತ್ತವೆ. ನಗರ ಕೇಂದ್ರದಲ್ಲಿ ಕಟ್ಟಡಗಳ ಎತ್ತರಕ್ಕೇ ಮಿತಿಯಿದೆ. ಶಾಸನಭವನದಿಂದ ಒಂದು ಮೈಲಿ ಒಳಗೆ ಅದರ ಗುಮ್ಮಟದ ಕಂಬಗಳ ಬುಡಕ್ಕಿಂತ ಎತ್ತರ ಕಟ್ಟುವಂತಿಲ್ಲ ಎಂದು ರಾಜ್ಯದ ಕಾನೂನು ಹೇಳುತ್ತದೆ.

ಚಳಿಗಾಲದ ಲೆಕ್ಕವೇ ಬೇರೆ

ಜನವರಿಯಲ್ಲಿ ಇಲ್ಲಿನ ರಾತ್ರಿಯ ಕನಿಷ್ಠ ಉಷ್ಣತೆ ಸರಾಸರಿ ಮೈನಸ್ 11 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಆಗ ನೀರು ಒಣಗುವ ಮೊದಲೇ ಗಾಜಿನ ಮೇಲೆ ಹೆಪ್ಪುಗಟ್ಟುತ್ತದೆ. ಕೋಲಿನಲ್ಲಿ ನೀರು ಹರಿಸುವ ವಿಧಾನ ನಿಲ್ಲುತ್ತದೆ. ಪೈಪೂ ಗಟ್ಟಿಯಾಗುತ್ತದೆ, ಕೆಳಗೆ ಸುರಿದ ನೀರು ಕಾಲುದಾರಿಯಲ್ಲಿ ಮಂಜುಗಡ್ಡೆಯಾಗಿ ಜನ ಜಾರಿ ಬೀಳುತ್ತಾರೆ. ಅಂಗಡಿಗಳ ಗಾಜನ್ನು ಮಾತ್ರ ಚಳಿಯಲ್ಲೂ ತೊಳೆಯುತ್ತಾರೆ. ನೀರಿಗೆ ಆಲ್ಕೋಹಾಲ್ ಅಥವಾ ಕಾರಿನ ಗಾಜಿಗೆ ಹಾಕುವ ಚಳಿಗಾಲದ ದ್ರವ ಬೆರೆಸಿ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಬೇಗ ಬೇಗ ಮುಗಿಸುತ್ತಾರೆ. ಆ ದ್ರವದಲ್ಲಿ ಸಾಮಾನ್ಯವಾಗಿ ವಿಷಕಾರಿ ಮೆಥನಾಲ್ ಇರುವುದರಿಂದ ಮುಚ್ಚಿದ ಕೋಣೆಯೊಳಗೆ ಬಳಸುವಂತಿಲ್ಲ. ಮರಗಟ್ಟಿದ ಗಾಜಿಗೆ ಬಿಸಿ ನೀರು ಸುರಿದರೆ ಒಮ್ಮೆಲೇ ಬಿರುಕು ಬಿಡಬಹುದು. ಏಣಿಯ ಮೆಟ್ಟಿಲಿನ ಮಂಜು ಇವೆಲ್ಲಕ್ಕಿಂತ ದೊಡ್ಡ ಅಪಾಯ. ಹೀಗಾಗಿ ಮನೆಗಳಲ್ಲಿ ಹಿಮ ಬೀಳುವ ಮುನ್ನ ಒಮ್ಮೆ, ಕರಗಿದ ಮೇಲೆ ಒಮ್ಮೆ ತೊಳೆಸುವುದು ರೂಢಿ.

ಒಳಗಿನ ಗಾಜಿಗೂ ಚಳಿಗಾಲದಲ್ಲಿ ಕೆಲಸವಿದೆ. ಹೊರಗೆ ಕೊರೆಯುವ ಚಳಿ, ಒಳಗೆ ಬೆಚ್ಚಗೆ ಇದ್ದಾಗ ಗಾಜಿನ ಒಳಮೈಯಲ್ಲಿ ಬೆವರಿನಂತೆ ಹನಿ ಕಟ್ಟುತ್ತದೆ. ಅದು ಆವಿಯಿಂದ ಬಂದ ನೀರಾದ್ದರಿಂದ ಸುಣ್ಣ ಬಿಡುವುದಿಲ್ಲ, ಆದರೆ ಮರದ ಚೌಕಟ್ಟಿಗೆ ಇಳಿದು ಬೂಸ್ಟು ಬರಿಸುತ್ತದೆ. ಒಣಹವೆಗೆಂದು ಇಡುವ ಅಲ್ಟ್ರಾಸಾನಿಕ್ ಹ್ಯೂಮಿಡಿಫೈಯರ್‌ಗೆ ನಲ್ಲಿ ನೀರು ತುಂಬಿದರೆ ಖನಿಜ ಬಿಳಿ ಪುಡಿಯಾಗಿ ಮನೆಯೆಲ್ಲ ಹರಡಿ ಗಾಜಿನ ಮೇಲೂ ಕೂರುತ್ತದೆ. ಅದಕ್ಕೆ ಡಿಸ್ಟಿಲ್ಡ್ ನೀರೇ ಸರಿ.

ಉಪ್ಪು ಹಾಕಿದರೆ ಪರಿಹಾರವೇ?

ಗಡಸು ನೀರಿಗೆ ಮ್ಯಾಡಿಸನ್ ಮನೆಗಳ ಸಾಮಾನ್ಯ ಉತ್ತರ ವಾಟರ್ ಸಾಫ್ಟನರ್. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಅಂದರೆ ನೀರಿನಲ್ಲಿ ಕರಗಿದ ವಸ್ತು ಕಡಿಮೆಯಾಗುವುದಿಲ್ಲ, ಬದಲಾಗುತ್ತದೆ. ಮೆದು ನೀರು ಒಣಗಿದರೂ ಕಲೆ ಬೀಳುತ್ತದೆ. ಆದರೆ ಅದು ಸೋಡಿಯಂ ಲವಣವಾದ್ದರಿಂದ ಒದ್ದೆ ಬಟ್ಟೆಗೇ ಬಿಡುತ್ತದೆ.

ಇದಕ್ಕೆ ಬೆಲೆಯೂ ಇದೆ. ಸಾಫ್ಟನರ್‌ಗೆ ಆಗಾಗ ಉಪ್ಪು ಸುರಿಯಬೇಕು. ಆ ಉಪ್ಪಿನ ಕ್ಲೋರೈಡ್ ಚರಂಡಿ ಸೇರುತ್ತದೆ, ಸಾಮಾನ್ಯ ಶುದ್ಧೀಕರಣ ಘಟಕ ಅದನ್ನು ತೆಗೆಯಲಾರದು. ಮ್ಯಾಡಿಸನ್ ತನ್ನ ಶುದ್ಧೀಕರಿಸಿದ ಕೊಳಚೆ ನೀರನ್ನು 1958ರಿಂದ ಸರೋವರಗಳನ್ನು ತಪ್ಪಿಸಿ ಬ್ಯಾಡ್‌ಫಿಶ್ ಎಂಬ ತೊರೆಗೆ ಬಿಡುತ್ತಿದೆ. ಆದ್ದರಿಂದ ಸಾಫ್ಟನರ್ ಉಪ್ಪಿನ ಭಾರ ಬೀಳುವುದು ಆ ತೊರೆಯ ಮೇಲೆ. ಸರೋವರಗಳಿಗೆ ಬೇರೆ ಉಪ್ಪು ಕಾದಿದೆ: ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ಮಳೆನೀರಿನ ಚರಂಡಿಯಲ್ಲಿ ಹರಿದು ನೇರ ಅಲ್ಲಿಗೆ ಹೋಗುತ್ತದೆ. ಮೆಂಡೋಟಾ, ಮೊನೋನಾಗಳಲ್ಲಿ ಕ್ಲೋರೈಡ್ ಪ್ರಮಾಣ ದಶಕಗಳಿಂದ ಏರುತ್ತಾ ಬಂದಿದೆ. ಅದೇ ಉಪ್ಪು ವಾಹನಗಳ ಚಕ್ರದಿಂದ ಸಿಡಿದು ರಸ್ತೆ ಬದಿಯ ಕಿಟಕಿಗಳಲ್ಲೂ ಒಣಗುತ್ತದೆ. ಅದನ್ನು ಒಣ ಬಟ್ಟೆಯಿಂದ ಉಜ್ಜಿದರೆ ಜತೆಗಿರುವ ಮರಳು ಗಾಜಿಗೆ ಗೀರು ಹಾಕುತ್ತದೆ. ಮೊದಲು ನೀರು ಹಾಕಿ ಇಳಿಸಬೇಕು.

ಕೊಳವೆಬಾವಿ ಅಥವಾ ಟ್ಯಾಂಕರ್ ನೀರು ಬಳಸುವ ಬೆಂಗಳೂರು, ಹೈದರಾಬಾದ್, ಚೆನ್ನೈಗಳ ಅಪಾರ್ಟ್‌ಮೆಂಟ್‌ಗಳಲ್ಲಿ ಬಚ್ಚಲಿನ ಗಾಜು ಮಬ್ಬಾಗುವುದಕ್ಕೂ ಇದೇ ರಸಾಯನವೇ ಕಾರಣ. ಅಲ್ಲಿ ದುಬಾರಿ ಕ್ಲೀನರ್‌ಗಿಂತ ಸ್ನಾನವಾದ ತಕ್ಷಣ ಒಮ್ಮೆ ಎಳೆಯುವ ಅರ್ಧ ನಿಮಿಷದ ವೈಪರ್ ಕೆಲಸ ಹೆಚ್ಚು ಉಪಯುಕ್ತ.