ಮಡಿಸಿದ ಹಾಳೆಗಳ ಕತೆ

ಭಾಷಾಶಾಸ್ತ್ರ ಓದಿದ ನನಗೆ ರಾಸಾಯನಿಕಗಳಿಗಿಂತ ಅವುಗಳ ಹೆಸರುಗಳ ಮೇಲೆ ಕಣ್ಣು. ಎಫ್‌ಎಸ್‌ಎಂ-16 ಮತ್ತು ಎಂಸಿಎಂ-41 ಹೆಚ್ಚುಕಡಿಮೆ ಒಂದೇ ಬಗೆಯ ವಸ್ತುಗಳು. ಎರಡೂ ಸಿಲಿಕಾ, ಎರಡರಲ್ಲೂ ಜೇನುಗೂಡಿನಂತೆ ಸಾಲಾಗಿ ಜೋಡಿಸಿದ ರಂಧ್ರಗಳು. ಆದರೆ ಹೆಸರುಗಳು ಹೇಳುವ ಕತೆ ಬೇರೆ ಬೇರೆ.

ಪೆಟ್ರೋಲಿಯಂ ಶುದ್ಧೀಕರಣದಲ್ಲಿ ಬಳಸುವ ಜಿಯೋಲೈಟ್‌ಗಳ ರಂಧ್ರಗಳು ಸುಮಾರು 1 ನ್ಯಾನೋಮೀಟರಿನಷ್ಟು ಕಿರಿದು. ದೊಡ್ಡ ಅಣುಗಳು ಅವುಗಳೊಳಗೆ ನುಗ್ಗಲಾರವು. 2ರಿಂದ 50 ನ್ಯಾನೋಮೀಟರಿನ ರಂಧ್ರಗಳಿಗೆ ಮೀಸೋ ರಂಧ್ರ ಎಂದು ಹೆಸರು. 'ಮೀಸೋ' ಎಂದರೆ ಗ್ರೀಕಿನಲ್ಲಿ ನಡುವಿನದು. ಅವನ್ನು ಒಂದೇ ಅಳತೆಯಲ್ಲಿ ಮೂಡಿಸುವುದೇ ಕಷ್ಟವಾಗಿತ್ತು.

1990ರಲ್ಲಿ ಟೋಕಿಯೋದ ವಾಸೆಡಾ ವಿಶ್ವವಿದ್ಯಾಲಯದ ಯಾನಾಗಿಸಾವ, ಶಿಮಿಜು, ಕುರೋಡಾ ಮತ್ತು ಕಾಟೋ ಒಂದು ದಾರಿ ತೋರಿಸಿದರು. ಅವರು ಆರಿಸಿಕೊಂಡದ್ದು ಕನೆಮೈಟ್. ಆಫ್ರಿಕಾದ ಚಾಡ್ ಸರೋವರದ ಬಳಿಯ ಕನೆಮ್ ಪ್ರದೇಶದಿಂದ ಹೆಸರು ಪಡೆದ ಈ ಸೋಡಿಯಂ ಸಿಲಿಕೇಟ್ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುತ್ತದೆ. ಸೋಪಿನ ಗುಣದ, ಉದ್ದ ಬಾಲದ ಅಣುಗಳ ದ್ರಾವಣದಲ್ಲಿ ಅದನ್ನು ಕಾಯಿಸಿದರೆ, ಆ ಅಣುಗಳು ಸೋಡಿಯಂ ಅನ್ನು ಹೊರದಬ್ಬಿ ಹಾಳೆಗಳ ನಡುವೆ ಸೇರುತ್ತವೆ. ಹಾಳೆಗಳು ಬಾಗಿ, ಅಲ್ಲಲ್ಲಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೊನೆಗೆ ಸುಟ್ಟರೆ ಸಾವಯವ ಭಾಗ ಹೋಗಿ ರಂಧ್ರ ಉಳಿಯುತ್ತದೆ.

1992ರಲ್ಲಿ ಮೊಬಿಲ್ ಕಂಪನಿಯ ವಿಜ್ಞಾನಿಗಳು ಕರಗಿದ ಸಿಲಿಕೇಟ್‌ನಿಂದಲೇ ಇಂಥ ವಸ್ತುವನ್ನು ಮಾಡಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಜಗತ್ತು ಗಮನಿಸಿದ್ದು ಅದನ್ನೇ. ಎಂಸಿಎಂ ಎಂಬುದರ ಮೊದಲ ಅಕ್ಷರ ಕಂಪನಿಯದು. ಎಫ್‌ಎಸ್‌ಎಂ ಎಂದರೆ 'ಫೋಲ್ಡೆಡ್ ಶೀಟ್ಸ್ ಮೆಟೀರಿಯಲ್', ಮಡಿಸಿದ ಹಾಳೆಗಳ ವಸ್ತು. ಒಂದು ಹೆಸರು ಯಾರದೆಂದು ಹೇಳಿದರೆ, ಇನ್ನೊಂದು ಹೇಗಾಯಿತೆಂದು ಹೇಳುತ್ತದೆ.

ಹೇಗಾಯಿತೆಂದು ಹೇಳುವ ಹೆಸರಿಗೆ ಅಪಾಯವೂ ಉಂಟು, ಅದು ಸುಳ್ಳಾಗಬಹುದು. ಕ್ಷಾರದಲ್ಲಿ ಸಿಲಿಕೇಟ್ ಕರಗುತ್ತದೆ. ಹಾಳೆ ನಿಜಕ್ಕೂ ಮಡಿಯಿತೋ, ಕರಗಿ ಮತ್ತೆ ಕಟ್ಟಿಕೊಂಡಿತೋ ಎಂಬ ಚರ್ಚೆ ನಡೆಯಿತು. 2000ದಲ್ಲಿ ಕುರೋಡಾರ ತಂಡ ಪದರುಗಳಿಗೆ ಸೌಮ್ಯ ಆಮ್ಲ ಸೇರಿಸಿ, ಚೌಕಾಕಾರದ ರಂಧ್ರಗಳಿರುವ ಕೆಎಸ್‌ಡಬ್ಲ್ಯು-2 ಎಂಬ ವಸ್ತುವನ್ನು ತಯಾರಿಸಿತು. ಅದರ ಗೋಡೆಗಳಲ್ಲಿ ಕನೆಮೈಟಿನ ರಚನೆಯ ಗುರುತು ಉಳಿದಿತ್ತು. ಹಾಳೆ ಬಾಗಬಲ್ಲದೆಂಬ ಮಾತಿಗೆ ಬಲ ಬಂತು.

ಹಾಗಾದರೆ ವಾಸೆಡಾದವರೇ ಮೊದಲಿಗರೇ? ಅಮೆರಿಕದ ಸಿಲ್ವೇನಿಯಾ ಕಂಪನಿ 1971ರಲ್ಲಿ ಹಗುರವಾದ ಸಿಲಿಕಾ ಪುಡಿಯೊಂದಕ್ಕೆ ಪೇಟೆಂಟ್ ಪಡೆದಿತ್ತು. 1997ರಲ್ಲಿ ಆ ವಿಧಾನವನ್ನು ಮತ್ತೆ ಮಾಡಿ ನೋಡಿದವರಿಗೆ ಸಿಕ್ಕಿದ್ದು ಎಂಸಿಎಂ-41! ಪುಡಿ ಕೈಯಲ್ಲಿತ್ತು, ಒಳಗಿನ ರಂಧ್ರಗಳ ಸಾಲನ್ನು ಯಾರೂ ಕಂಡಿರಲಿಲ್ಲ. ಮಾಡುವುದು, ಕಾಣುವುದು, ಹೆಸರಿಡುವುದು ಮೂರೂ ಬೇರೆ ಬೇರೆ ಕೆಲಸಗಳು. ಚರಿತ್ರೆ ಬರೆಯುವಾಗ ಮೂರಕ್ಕೂ ಲೆಕ್ಕ ಇಡಬೇಕು.