ಮೂಲೆ ಸೇರಿದ ಎಂ.ಜಿ.ಬಿ. ಎಂಜಿನ್: ಬಿಚ್ಚುವುದು, ಅಳೆಯುವುದು, ಬಲಪಡಿಸುವುದು

ಯಾವ ಎಂಜಿನ್ ಇದು?

ಇಂಗ್ಲೆಂಡಿನ ಅಬಿಂಗ್‌ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಸ್ಪೋರ್ಟ್ಸ್ ಕಾರುಗಳ ಸಂಖ್ಯೆ ಐದು ಲಕ್ಷ ದಾಟುತ್ತದೆ. ಅವುಗಳಲ್ಲಿ ಬಹುಪಾಲಿನಲ್ಲಿದ್ದದ್ದು ಬಿ-ಸರಣಿಯ 1798 ಸಿ.ಸಿ. ನಾಲ್ಕು ಸಿಲಿಂಡರ್ ಎಂಜಿನ್. ಬೋರ್ 80.26 ಮಿ.ಮೀ., ಸ್ಟ್ರೋಕ್ 88.9 ಮಿ.ಮೀ.; ಬ್ಲಾಕ್ ಮತ್ತು ಹೆಡ್ ಎರಡೂ ಎರಕದ ಕಬ್ಬಿಣ. ಹೊಸದರಲ್ಲಿ ಸುಮಾರು 95 ಅಶ್ವಶಕ್ತಿ ಕೊಡುತ್ತಿತ್ತು. ಮೊದಮೊದಲು ಕ್ರ್ಯಾಂಕ್‌ಶಾಫ್ಟಿಗೆ ಮೂರೇ ಮೇನ್ ಬೇರಿಂಗ್. 1964ರ ಕೊನೆಯಿಂದ ಐದು. ರೀಬಿಲ್ಡ್ ಮಾಡಿ ಶಕ್ತಿ ಹೆಚ್ಚಿಸುವ ಯೋಚನೆ ಇದ್ದರೆ ಐದು ಬೇರಿಂಗಿನದ್ದೇ ಮೇಲು.

ನಮ್ಮ ಅಂಬಾಸಡರ್‌ನ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಕೂಡ ಇದೇ ಬಿ-ಸರಣಿಯದು. ಸ್ಟ್ರೋಕ್ ಅಷ್ಟೇ, ಬೋರ್ ಮಾತ್ರ ಚಿಕ್ಕದು. ಹಾಗಾಗಿ ಅಂಬಾಸಡರ್ ಬಿಚ್ಚಿ ಪಳಗಿದ ಮೇಸ್ತ್ರಿಗಳಿಗೆ ಇದರ ಒಳಗು ಹೊಸದೆನಿಸುವುದಿಲ್ಲ.

ನಿಂತ ಎಂಜಿನ್ ಒಳಗೆ ಏನಾಗಿರುತ್ತದೆ?

ಓಡಿದ ಎಂಜಿನ್ ಸವೆಯುತ್ತದೆ, ನಿಂತ ಎಂಜಿನ್ ತುಕ್ಕು ಹಿಡಿಯುತ್ತದೆ. ಎಂಜಿನ್ ಎಲ್ಲೇ ನಿಂತರೂ ಯಾವುದಾದರೊಂದು ಸಿಲಿಂಡರಿನ ವಾಲ್ವ್ ತೆರೆದಿರುತ್ತದೆ. ತೇವದ ಗಾಳಿ ಅಲ್ಲಿಂದ ಇಳಿದು, ಪಿಸ್ಟನ್ ರಿಂಗ್ ಬೋರಿಗೆ ಅಂಟಿಕೊಳ್ಳುತ್ತದೆ. ಉಳಿದ ಮೂರು ಸಿಲಿಂಡರ್ ಚೆನ್ನಾಗಿದ್ದು ಒಂದೇ ಹಾಳಾಗಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ವಾಲ್ವ್‌ಗಳು ಗೈಡಿನಲ್ಲಿ ಸಿಕ್ಕಿಕೊಂಡಿರುತ್ತವೆ. ನೀರಿನ ಜಾಕೆಟ್‌ನ ಕೆಸರೆಲ್ಲ ಹಿಂದಿನ ನಾಲ್ಕನೇ ಸಿಲಿಂಡರಿನ ಸುತ್ತ ಗಟ್ಟಿಯಾಗಿರುತ್ತದೆ.

ಇಂಥ ಸ್ಥಿತಿಯಲ್ಲಿ ಬ್ಯಾಟರಿ ಕೊಟ್ಟು ಸ್ಟಾರ್ಟರ್ ತಿರುಗಿಸಿದರೆ ರಿಂಗ್ ಮುರಿದು ಬೋರ್ ಗೀರಬಹುದು, ಪುಶ್‌ರಾಡ್ ಬಾಗಬಹುದು. ಸ್ಪಾರ್ಕ್ ಪ್ಲಗ್ ತೆಗೆದು, ತುಕ್ಕು ಸಡಿಲಿಸುವ ಎಣ್ಣೆ ಸುರಿದು, ಕೆಲವು ದಿನ ಬಿಟ್ಟು ಕೈಯಿಂದ ಸ್ಪ್ಯಾನರ್ ಹಾಕಿ ಹಿಂದೆ-ಮುಂದೆ ಅಲುಗಾಡಿಸಬೇಕು. ಬಲ ಪ್ರಯೋಗ ಬೇಡ. ಜಗ್ಗದಿದ್ದರೆ ಹೆಡ್ ಬಿಚ್ಚುವುದೇ ಲೇಸು.

ಅಳತೆ ಮೊದಲು, ಆರ್ಡರ್ ಆಮೇಲೆ

ಬಿಚ್ಚುವ ಮೊದಲೇ ಹೊಸ ಪಿಸ್ಟನ್ ತರಿಸಿಬಿಡುವ ಆತುರ ಬಹಳ ಮಂದಿಗೆ. ದುಡ್ಡು ವ್ಯರ್ಥವಾಗುವುದು ಅಲ್ಲೇ. ಪ್ರತಿ ಬೋರನ್ನೂ ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಅಳೆಯಬೇಕು. ಸವೆತ ಹೆಚ್ಚಿರುವುದು ಮೇಲ್ತುದಿಯಲ್ಲಿ, ರಿಂಗ್ ತಿರುಗುವ ಜಾಗದಲ್ಲಿ. ಉಗುರು ತಾಗಿಸಿದರೆ ಅಲ್ಲೊಂದು ಅಂಚು ಸಿಗುತ್ತದೆ. ಓವರ್‌ಸೈಜ್ ಪಿಸ್ಟನ್‌ಗಳು 0.020, 0.030, 0.040, 0.060 ಇಂಚು ಹೀಗೆ ಸಿಗುತ್ತವೆ. ಕೊನೆಯ ಅಳತೆಗೆ ಬೋರ್ ಹೊಡೆಸಿದರೆ ಎಂಜಿನ್ 1868 ಸಿ.ಸಿ. ಆಗುತ್ತದೆ. ಇನ್ನೂ ಮುಂದೆ ಹೋಗಿ 1950 ಸಿ.ಸಿ. ಮಾಡುವವರೂ ಇದ್ದಾರೆ, ಆದರೆ ಗೋಡೆ ತೆಳುವಾಗುತ್ತದೆ. ಒಳಗಿಂದ ತುಕ್ಕು ತಿಂದ ಹಳೆಯ ಬ್ಲಾಕಿಗೆ ಆ ಸಾಹಸ ನನಗೆ ಸರಿಕಾಣುವುದಿಲ್ಲ.

ಕ್ರ್ಯಾಂಕ್‌ಶಾಫ್ಟಿನ ಬಿರುಕು ಪರೀಕ್ಷೆ ಮಾಡಿಸಿ, ಜರ್ನಲ್ ಅಂಡಾಕಾರವಾಗಿದ್ದರೆ ಗ್ರೈಂಡ್ ಮಾಡಿಸಿ, ತಕ್ಕ ಅಂಡರ್‌ಸೈಜ್ ಬೇರಿಂಗ್ ಹಾಕಬೇಕು. ಕ್ರ್ಯಾಂಕ್, ಫ್ಲೈವ್ಹೀಲ್, ಕ್ಲಚ್ ಮೂರನ್ನೂ ಕೂಡಿಸಿ ಬ್ಯಾಲೆನ್ಸ್ ಮಾಡಿಸಿದ ಖರ್ಚು ಎಂದೂ ದಂಡವಲ್ಲ.

ಶಕ್ತಿ ಅಡಗಿರುವುದು ಹೆಡ್‌ನಲ್ಲಿ

ಈ ಹೆಡ್‌ಗೆ ಐದೇ ದಾರಿಗಳು. ಇನ್ಲೆಟ್ ಎರಡು, ತಲಾ ಎರಡು ಸಿಲಿಂಡರಿಗೆ ಒಂದರಂತೆ; ಎಕ್ಸಾಸ್ಟ್ ಮೂರು, ನಡುವಿನದ್ದು ಎರಡನೇ ಮತ್ತು ಮೂರನೇ ಸಿಲಿಂಡರಿಗೆ ಜಂಟಿ. ಆ ನಡುಭಾಗ ವಿಪರೀತ ಕಾಯುತ್ತದೆ. ಬಿರುಕು ಹುಡುಕುವುದನ್ನು ಅಲ್ಲಿಂದಲೇ ಆರಂಭಿಸಬೇಕು. ಬಿರುಕಿಲ್ಲದ ಹೆಡ್ ಸಿಕ್ಕರೆ ವಾಲ್ವ್ ಹಿಂದಿನ ಒರಟು ಎರಕವನ್ನು ನಯಗೊಳಿಸಿ, ಸೀಟುಗಳನ್ನು ಸರಿಯಾದ ಕೋನಕ್ಕೆ ಕಡಿದರೆ ಅದೇ ಅತ್ಯಂತ ಲಾಭದ ಸುಧಾರಣೆ.

ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಲೋಹದ ಸೀಟು ಕೂರಿಸುವುದನ್ನೂ ಮರೆಯಬಾರದು. ಈ ಎಂಜಿನ್ ಸೀಸ ಬೆರೆತ ಪೆಟ್ರೋಲಿನ ಕಾಲದ್ದು. ಸೀಟಿನ ಸವೆತ ತಡೆಯುತ್ತಿದ್ದದ್ದು ಆ ಸೀಸವೇ. 2000ದಲ್ಲಿ ಬ್ರಿಟನ್ನಿನಲ್ಲೂ ಭಾರತದಲ್ಲೂ ಅಂಥ ಪೆಟ್ರೋಲಿನ ಸಾಮಾನ್ಯ ಮಾರಾಟ ನಿಂತಿತು.

ಕ್ಯಾಮ್‌ಶಾಫ್ಟ್ ಆಯ್ಕೆಯಲ್ಲಿ ಹಿತಮಿತವಿರಲಿ. ರೇಸ್ ಕ್ಯಾಮ್ ಹಾಕಿದರೆ ಪೇಟೆಯ ಟ್ರಾಫಿಕ್ಕಿನಲ್ಲಿ ಕಾರು ಒದ್ದಾಡುತ್ತದೆ. ರಸ್ತೆಗೆಂದೇ ಮಾಡಿದ ಸೌಮ್ಯ ಕ್ಯಾಮ್ ಸಾಕು. ಅಮೆರಿಕಕ್ಕೆ ಹೋದ ಕಾರುಗಳಿಗೆ 1975ರಿಂದ ಒಂದೇ ಕಾರ್ಬ್ಯುರೇಟರ್ ಇತ್ತು. ಅಂಥವಕ್ಕೆ ಜೋಡಿ ಎಸ್.ಯು. ಕಾರ್ಬ್ಯುರೇಟರ್ ಹಾಕಿದರೆ ಉಸಿರಾಟ ಸಲೀಸಾಗುತ್ತದೆ. ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಕೂಡ ಒಳ್ಳೆಯದು.

ಮೊದಲ ಇಪ್ಪತ್ತು ನಿಮಿಷ

ಪ್ಲಗ್ ಇಲ್ಲದೆ ಸ್ಟಾರ್ಟರ್ ತಿರುಗಿಸಿ ಆಯಿಲ್ ಪ್ರೆಷರ್ ಮುಳ್ಳು ಏಳುವುದನ್ನು ನೋಡಿಕೊಂಡೇ ಮುಂದುವರಿಯಬೇಕು. ಹೊಸ ಕ್ಯಾಮ್ ಇದ್ದರೆ ಎಂಜಿನ್ ಹೊತ್ತಿದ ತಕ್ಷಣ ಐಡಲ್‌ಗೆ ಬಿಡದೆ, ಸುಮಾರು 20 ನಿಮಿಷ 2000-2500 ಆರ್.ಪಿ.ಎಂ.ನಲ್ಲಿ ಓಡಿಸಬೇಕು. ಕ್ಯಾಮ್ ಮತ್ತು ಟ್ಯಾಪೆಟ್ ಒಂದಕ್ಕೊಂದು ಹೊಂದಿಕೊಳ್ಳುವುದು ಆಗಲೇ. ಇವತ್ತಿನ ಕಾರುಗಳ ಎಣ್ಣೆಯಲ್ಲಿ ಸತು-ರಂಜಕದ ಅಂಶ ಕಡಿಮೆ ಮಾಡಿದ್ದಾರೆ. ಇದಕ್ಕೆ ಅದು ಸಾಕಷ್ಟಿರುವ 20ಡಬ್ಲ್ಯು-50 ಎಣ್ಣೆಯೇ ಬೇಕು. 800 ಕಿ.ಮೀ. ಆದಮೇಲೆ ಎಣ್ಣೆ ಬದಲಿಸಿ, ಹೆಡ್ ನಟ್‌ಗಳ ಬಿಗಿ ನೋಡಿ, ಟ್ಯಾಪೆಟ್ ಸೆಟ್ ಮಾಡಬೇಕು.

ನಿಮ್ಮ ಶೆಡ್ಡಿನಲ್ಲಿ ಹಳೆಯ ಅಂಬಾಸಡರ್ ನಿಂತಿದ್ದರೂ ಇದೇ ಕ್ರಮ. ದಯವಿಟ್ಟು ಅದನ್ನು ತೂಕಕ್ಕೆ ಹಾಕುವ ಮೊದಲು ಪ್ಲಗ್ ತೆಗೆದು ಎಣ್ಣೆ ಬಿಡಿ, ಬಲ್ಲವರಿಂದ ಬೋರ್ ಅಳೆಸಿ ನೋಡಿ.